ಸಹಾಯ ಬೇಕು: ಫಿಕ್ಟೆ ಹೇಳೋ ಆ ‘ತಡೆ’ ಎಲ್ಲಿಂದ ಬಂತು?

ನಮಸ್ಕಾರ. ಫಿಲಾಸಫಿ ಎಂ.ಎ. ಮಾಡ್ತಿದೀನಿ, ಈ ಸೆಮಿಸ್ಟರ್‌ನಲ್ಲಿ ಜರ್ಮನ್ ಐಡಿಯಲಿಸಂ (ಜಗತ್ತನ್ನ ಅರಿವಿನ ಕಡೆಯಿಂದ ವಿವರಿಸೋ ಪಂಥ) ಪೇಪರ್. ಕಾಂಟ್ ಹೇಗೋ ದಾಟಿದೆ. ಹೆಗೆಲ್ ಭಯ ಆಮೇಲೆ. ಸಿಕ್ಕಿಹಾಕ್ಕೊಂಡಿರೋದು ನಡುವೆ, ಜರ್ಮನ್ ತತ್ವಜ್ಞಾನಿ ಫಿಕ್ಟೆ ಯೇನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಾ 1794-95ರಲ್ಲಿ ಪ್ರಕಟಿಸಿದ ‘ವಿಸೆನ್‌ಶಾಫ್ಟ್ಸ್‌ಲೆರೆ’ (ಅಂದ್ರೆ ಜ್ಞಾನದ ಸಿದ್ಧಾಂತ) ಅನ್ನೋ ಪುಸ್ತಕದಲ್ಲಿ.

ಮೊದಲ ಮೂರು ಸೂತ್ರ ಪರವಾಗಿಲ್ಲ. ‘ನಾನು’ (ಅಂದ್ರೆ ಅರಿಯೋ ಪ್ರಜ್ಞೆ) ತನ್ನನ್ನ ತಾನೇ ಸ್ಥಾಪಿಸಿಕೊಳ್ಳುತ್ತೆ, ಎದುರಿಗೆ ‘ನಾನಲ್ಲದ್ದನ್ನ’ ಇಡುತ್ತೆ, ಆಮೇಲೆ ಎರಡೂ ಒಂದನ್ನೊಂದು ಮಿತಿಯಲ್ಲಿಡುತ್ತವೆ. ಕಾಂಟ್‌ನ ಥಿಂಗ್ ಇನ್ ಇಟ್‌ಸೆಲ್ಫ್, ಅಂದ್ರೆ ನಮ್ಮ ಅರಿವಿನಾಚೆ ತಾನಾಗೇ ಇರೋ ವಸ್ತು, ಬೇಡವೇ ಬೇಡ ಅಂತಾನೆ ಫಿಕ್ಟೆ. ಸರಿ. ಆದ್ರೆ ಎರಡನೇ ಭಾಗದಲ್ಲಿ, ‘ನಾನು’ವಿನ ಚಟುವಟಿಕೆ ಹೊರಕ್ಕೆ ಹರೀತಾ ಯಾವುದೋ ತಡೆಗೆ ತಾಗಿ ಹಿಂದಕ್ಕೆ ಬರುತ್ತೆ, ಹೊರಗೊಂದು ಜಗತ್ತಿದೆ ಅನ್ನೋ ಅರಿವು ಹುಟ್ಟೋದೇ ಅದರಿಂದ ಅಂತಾನೆ. ಆ ತಡೆಯನ್ನ ‘ನಾನು’ ತಾನಾಗೇ ಸೃಷ್ಟಿಸಿಕೊಂಡಿದ್ದಂತೂ ಅಲ್ಲ. ಮುಂಬಾಗಿಲಲ್ಲಿ ಓಡಿಸಿದವನನ್ನ ಹಿತ್ತಿಲಿಂದ ಒಳಗೆ ಕರ್ಕೊಂಡ ಹಾಗಾಗಲಿಲ್ವಾ?

ಈ ಸಿದ್ಧಾಂತಕ್ಕೆ ಫಿಕ್ಟೆ 1797ರಲ್ಲಿ ಬರೆದ ಎರಡೂ ಪೀಠಿಕೆ ಓದಿದೆ. ಎರಡನೇದು ಕಾಂಟ್‌ನ ಹಿಂಬಾಲಕರ ಜೊತೆ ಭರ್ಜರಿ ಜಗಳ, ಓದೋಕೆ ಮಜಾ ಇದೆ, ನನ್ನ ಅನುಮಾನ ಮಾತ್ರ ಹಾಗೇ ಉಳೀತು. ಮೇಷ್ಟ್ರು ಮೂಲ ಪುಸ್ತಕದ ಮೂರನೇ ಭಾಗ, ಅಂದ್ರೆ ಪ್ರಾಕ್ಟಿಕಲ್ ಭಾಗ, ಓದು ಅಂದ್ರು. ಅಲ್ಲಿ ‘ನಾನು’ ಅಂದ್ರೆ ಕೊನೆಯಿಲ್ಲದ ಹಂಬಲ, ಹಂಬಲಕ್ಕೆ ಎದುರು ಒಂದು ಇರಲೇಬೇಕು ಅಂತ ಬರುತ್ತೆ. ತಡೆ ಯಾಕೆ ಬೇಕು ಅನ್ನೋದು ಅರ್ಥ ಆಯ್ತು. ಎಲ್ಲಿಂದ ಬಂತು ಅನ್ನೋದು ಆಗಲಿಲ್ಲ.

ಸೆಮಿನಾರ್ ಹತ್ತಿರ ಬಂದಿದೆ. ಫಿಕ್ಟೆ ಓದಿದೋರು ಹೇಳಿ: ಈ ತಡೆಯನ್ನ ಹೊರಗಿನ ವಸ್ತುವಿನ ಪೆಟ್ಟು ಅಂತ ಓದಬೇಕಾ, ಅಥವಾ ‘ನಾನು’ವಿನ ಸ್ವಂತ ಮಿತಿ ಅಂತಲಾ? ಎರಡನೇದಾದ್ರೆ, ಅದನ್ನ ಸಮರ್ಥಿಸೋಕೆ ಮೂಲದಲ್ಲಿ ಯಾವ ಭಾಗ ಹಿಡೀಲಿ?