ಎರಡೂ ಕ್ಯಾನ್ಸರ್ ಔಷಧಗಳೇ, ಸ್ಟ್ರೆಸ್ ಪ್ರೋಟೀನು ಎಚ್‌ಎಸ್‌ಪಿ70 ಮಾತ್ರ ಒಂದರಲ್ಲೇ ಏರಿದೆ, ಯಾಕೆ?

ಮಣಿಪಾಲದ ಎಂಎಸ್ಸಿ ವಿದ್ಯಾರ್ಥಿನಿ:
ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಗರ್ಭಕಂಠದ ಕ್ಯಾನ್ಸರ್ ಕೋಶ) ಒಂದು ಪ್ಲೇಟಿನಲ್ಲಿ ಡಾಕ್ಸೋರುಬಿಸಿನ್, ಇನ್ನೊಂದರಲ್ಲಿ ಬೋರ್ಟೆಜೋಮಿಬ್ ಹಾಕಿ, ಆರು ಗಂಟೆ ಬಿಟ್ಟು ಆರ್‌ಎನ್‌ಎ ತೆಗೆದೆ. ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಕ್ಯೂಪಿಸಿಆರ್‌ನಲ್ಲಿ ಬೋರ್ಟೆಜೋಮಿಬ್ ಪ್ಲೇಟಿನ ಎಚ್‌ಎಸ್‌ಪಿ70 ಸಿಕ್ಕಾಪಟ್ಟೆ ಏರಿದೆ. ಡಾಕ್ಸೋರುಬಿಸಿನ್‌ನಲ್ಲಿ ಏನೂ ಇಲ್ಲ, ಡೋಸ್ ಜಾಸ್ತಿ ಮಾಡಿದರೆ ಇನ್ನೂ ಇಳಿಯುತ್ತದೆ. ಎರಡರಲ್ಲೂ ಕೋಶ ಸಾಯುತ್ತದೆ, ಅಂದರೆ ಸ್ಟ್ರೆಸ್ ಎರಡರಲ್ಲೂ ಇದೆ ಅಲ್ವಾ? ಪ್ರಯೋಗವೇ ಕೆಟ್ಟಿತಾ?

ದೇರಳಕಟ್ಟೆ ಲ್ಯಾಬಿನವ:
ಕೆಟ್ಟಿಲ್ಲ ಮಾರಾಯ್ರೆ, ಹೀಗೇ ಬರಬೇಕು. ಕೋಶ ಸಾಯುತ್ತಿದೆಯೋ ಇಲ್ಲವೋ, ಎಚ್‌ಎಸ್‌ಪಿ70 ಜೀನಿಗೆ ಬೇಕಿಲ್ಲ. ಮಡಿಕೆ ಕೆಟ್ಟ ಪ್ರೋಟೀನು ರಾಶಿ ಬಿದ್ದರೆ ಮಾತ್ರ ಅದು ಏಳುತ್ತದೆ.

ಜೀನನ್ನು ಎಬ್ಬಿಸುವುದು ಎಚ್‌ಎಸ್‌ಎಫ್1 ಎಂಬ ಪ್ರೋಟೀನು. ಮಾಮೂಲಿ ಹೊತ್ತಿನಲ್ಲಿ ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಅದನ್ನು ಹಿಡಿದಿಟ್ಟಿರುತ್ತವೆ. ಹಾಳಾದ ಪ್ರೋಟೀನು ಒಡೆಯುವ ಪ್ರೋಟಿಯಾಸೋಮನ್ನು ಬೋರ್ಟೆಜೋಮಿಬ್ ತಡೆಯುತ್ತದೆ. ಕಸ ಸೇರುತ್ತದೆ, ಈ ಎಚ್‌ಎಸ್‌ಪಿಗಳೆಲ್ಲ ಆ ಕಡೆ ಹೋಗುತ್ತವೆ, ಎಚ್‌ಎಸ್‌ಎಫ್1 ಬಿಡುಗಡೆಯಾಗಿ ಮೂರು ಮೂರು ಸೇರಿ ಡಿಎನ್‌ಎ ಮೇಲೆ ಕೂರುತ್ತದೆ. ಡಾಕ್ಸೋರುಬಿಸಿನ್ ಪೆಟ್ಟು ಕೊಡುವುದು ನೇರ ಡಿಎನ್‌ಎಗೆ. ಡೋಸ್ ಏರಿದರೆ ಆರ್‌ಎನ್‌ಎ ತಯಾರಿಯನ್ನೇ ತಡೆಯುತ್ತದೆ, ನಿಮ್ಮ ಸಂಖ್ಯೆ ಇಳಿದದ್ದು ಬಹುಶಃ ಅದಕ್ಕೇ. ಡಾಕ್ಸೋರುಬಿಸಿನ್ ಕೆಲಸ ಮಾಡಿದೆಯೋ ನೋಡಲು ಗಾಮಾ ಎಚ್2ಎಎಕ್ಸ್ (ಡಿಎನ್‌ಎ ಪೆಟ್ಟಿನ ಗುರುತು) ವೆಸ್ಟರ್ನ್ ಹಾಕಿ, ಅಂದರೆ ಪ್ರೋಟೀನು ಪರೀಕ್ಷೆ. ಡಿಎನ್‌ಎ ಪೆಟ್ಟಿಗೆ ಏರುವ ಪಿ53 ಪ್ರೋಟೀನು ನೋಡಬೇಡಿ, ಹೀಲಾದಲ್ಲಿ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನು ಅದನ್ನು ಒಡೆಸುತ್ತಲೇ ಇರುತ್ತದೆ.

ನನಗೆ ಜಾಸ್ತಿ ಚಿಂತೆ ನಿಮ್ಮ ಆರ್‌ಎನ್‌ಎದ್ದು. ಎಚ್‌ಎಸ್‌ಪಿ70ರ ಎಚ್‌ಎಸ್‌ಪಿಎ1ಎ ಜೀನಿನಲ್ಲಿ ಇಂಟ್ರಾನ್ (ಆರ್‌ಎನ್‌ಎ ಆಗುವಾಗ ಕತ್ತರಿಸಿ ಹೋಗುವ ತುಂಡು) ಇಲ್ಲ, ಹಾಗಾಗಿ ಡಿಎನ್‌ಎ, ಆರ್‌ಎನ್‌ಎ ಪ್ರತಿ ಒಂದೇ ಥರ ಕಾಣುತ್ತವೆ. ಸ್ವಲ್ಪ ಡಿಎನ್‌ಎ ಉಳಿದರೂ ಪ್ರೈಮರ್ ಅದನ್ನೇ ಎತ್ತಿಕೊಳ್ಳುತ್ತದೆ, ಗೊತ್ತೇ ಆಗುವುದಿಲ್ಲ. ಡಿಎನ್‌ಎ ಒಡೆಯುವ ಕಿಣ್ವ ಡಿಎನ್‌ಏಸ್ ಹಾಕಿದ್ದೀರಾ? ಆರ್‌ಟಿ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಕಿಣ್ವ) ಇಲ್ಲದ ಕಂಟ್ರೋಲ್ ಇದೆಯಾ? ಜೀನು ಏಳಲೇಬೇಕಾದ ಹೋಲಿಕೆಗೆ 42 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ ಪ್ಲೇಟೂ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ದಿನದ ಪ್ಲೇಟು ಮಾತ್ರ ಬಿಸಾಡಿ. ಈ ಜೀನು ಇನ್‌ಕ್ಯುಬೇಟರಿನ ಏರುಪೇರಿಗೂ ಏಳುತ್ತದೆ. 1962ರಲ್ಲಿ ವಿಜ್ಞಾನಿ ರಿಟೋಸಾ ಹಣ್ಣುನೊಣದಲ್ಲಿ ಈ ಪ್ರತಿಕ್ರಿಯೆ ಮೊದಲು ಕಂಡದ್ದೂ ಬಿಸಿಯಿಂದಲೇ.

ಕಾಪುವಿನಿಂದ:
ನಾನು ಲ್ಯಾಬಿನವಳಲ್ಲ. ಅಮ್ಮನಿಗೆ ಮೈಲೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್), ಬೋರ್ಟೆಜೋಮಿಬ್ ಇಂಜೆಕ್ಷನ್ ನಡೆಯುತ್ತಿದೆ. ಎಚ್‌ಎಸ್‌ಪಿ70 ಕೋಶವನ್ನು ಕಾಪಾಡುತ್ತದೆ ಎಂದು ಓದಿದೆ. ಹಾಗಾದರೆ ಔಷಧವೇ ಕ್ಯಾನ್ಸರನ್ನು ಗಟ್ಟಿ ಮಾಡುತ್ತದಾ ಅಣ್ಣ?

ದೇರಳಕಟ್ಟೆ ಲ್ಯಾಬಿನವ:
ಇಲ್ಲ ಅಕ್ಕ, ಹೆದರಬೇಡಿ. ಎಚ್‌ಎಸ್‌ಪಿ70 ಸ್ವಲ್ಪ ಕಾಪಾಡುತ್ತದೆ, ನಿಜ. ಆದರೆ ಮೈಲೋಮಾ ಕೋಶ ಹಗಲೂ ರಾತ್ರಿ ಆಂಟಿಬಾಡಿ ಪ್ರೋಟೀನು ತಯಾರಿಸುತ್ತಿರುತ್ತದೆ. ಕಸ ಹೋಗುವ ದಾರಿ ಮುಚ್ಚಿದರೆ ಬೇರೆ ಕೋಶಗಳಿಗಿಂತ ಬೇಗ ಅದು ತುಂಬಿಹೋಗುತ್ತದೆ. 2003ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದೂ ಮೈಲೋಮಾಕ್ಕೇ. ನಮ್ಮ ಪ್ಲೇಟಿನ ಲೆಕ್ಕ ನೋಡಿ ಒಂದು ಇಂಜೆಕ್ಷನನ್ನೂ ತಪ್ಪಿಸಬೇಡಿ. ಕಾಲು ಜೋಮು ಹಿಡಿಯುತ್ತದೆ, ಉರಿಯುತ್ತದೆ ಎಂದು ಅಮ್ಮ ಹೇಳಿದರೆ ಮಾತ್ರ ಸುಮ್ನೆ ಬಿಡಬೇಡಿ. ಈ ಔಷಧದಲ್ಲಿ ನರಕ್ಕೆ ತೊಂದರೆ ಆಗುವುದುಂಟು. ಅದೇ ದಿನ ಡಾಕ್ಟರಿಗೆ ತಿಳಿಸಿ, ಡೋಸ್ ಹೊಂದಿಸುತ್ತಾರೆ.

ಮಣಿಪಾಲದ ಎಂಎಸ್ಸಿ ವಿದ್ಯಾರ್ಥಿನಿ:
ಡಿಎನ್‌ಏಸ್ ಹಾಕಿರಲಿಲ್ಲ ಸರ್. ಸೋಮವಾರ ಹೊಸದಾಗಿ ಆರ್‌ಎನ್‌ಎ ತೆಗೆಯುತ್ತೇನೆ.