ಗೇರುಸಿಪ್ಪೆಯ ಎಣ್ಣೆಗೆ ಯಾವ ಕೈಗವಸು? ಸಹಾಯ ಬೇಕು

ಸಾವಯವ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು ಗೇರುಬೀಜದ ಹೊರಸಿಪ್ಪೆಯಿಂದ, ಅದರ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಬೇರ್ಪಡಿಸುತ್ತಿದ್ದಾರೆ. ಕರಾವಳಿಯಿಂದ ಹಸಿ ಸಿಪ್ಪೆಯನ್ನೇ ತರಿಸಿದ್ದೇವೆ. ಹುರಿದ ಸಿಪ್ಪೆ ನಮಗೆ ಆಗದು, ಕಾವು ಹೆಚ್ಚಾದರೆ ಆಮ್ಲ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಕಾರ್ಡನಾಲ್ ಎಂಬ ಬೇರೆ ವಸ್ತು ಆಗಿಬಿಡುತ್ತದೆ. ಸಿಪ್ಪೆಯನ್ನು ಅಸಿಟೋನ್‌ನಲ್ಲಿ ನೆನೆಸಿ ಎಣ್ಣೆ ತೆಗೆಯುತ್ತೇವೆ, ಸುಣ್ಣದ ಜೊತೆ ಕ್ಯಾಲ್ಸಿಯಂ ಲವಣವಾಗಿ ಇಳಿಸಿ ಸೋಸುತ್ತೇವೆ, ಬೇರೆ ಆಮ್ಲ ಹಾಕಿ ಅನಕಾರ್ಡಿಕ್ ಆಮ್ಲವನ್ನು ಬಿಡಿಸಿ ಹೆಕ್ಸೇನ್‌ಗೆ ಎಳೆದುಕೊಳ್ಳುತ್ತೇವೆ.

ತೊಂದರೆ ಇಷ್ಟು: ಈ ಎಣ್ಣೆ ಚರ್ಮ ಸುಡುತ್ತದೆ, ನೈಟ್ರೈಲ್ (ಕೃತಕ ರಬ್ಬರ್) ಕೈಗವಸು ಹಾಕಿಕೊಂಡೇ ಕೆಲಸ ಮಾಡಿದ ಒಬ್ಬ ಹುಡುಗಿಗೆ ಬೆರಳಸಂದಿಯಲ್ಲಿ ನೀರುಗುಳ್ಳೆ ಎದ್ದು ಚರ್ಮ ಸುಲಿಯಿತು. ವೈದ್ಯರಿಗೆ ತೋರಿಸಿದ್ದೇವೆ, ಅವಳನ್ನು ಈ ಕೆಲಸದಿಂದ ದೂರ ಇಟ್ಟಿದ್ದೇವೆ. ಮಾವಿನ ಸೊನೆ ಮೈಗೆ ಒಗ್ಗದವರನ್ನೂ ಬಿಡಿಸಿದ್ದೇನೆ, ಗೇರು, ಮಾವು ಎರಡೂ ಒಂದೇ ಕುಟುಂಬದ ಗಿಡಗಳು. ಎಲ್ಲವೂ ಹೊಗೆಗೂಡಿನೊಳಗೇ (ಫ್ಯೂಮ್ ಹುಡ್) ನಡೆಯುತ್ತದೆ. ಜೋಡಿ ಕೈಗವಸು ಹಾಕಿಸಿ, ಆಗಾಗ ಬದಲಿಸಿ ನೋಡಿದೆವು. ತಕ್ಕಡಿಯ ಗುಂಡಿ, ಬಾಗಿಲ ಹಿಡಿಗಳನ್ನೂ ಒರೆಸುತ್ತೇವೆ. ಆದರೂ ಇನ್ನೊಬ್ಬ ಹುಡುಗನಿಗೆ ಮಣಿಕಟ್ಟು ತುರಿಸಲು ಶುರುವಾಗಿದೆ.

ಗೊಂದಲ ಇಲ್ಲಿದೆ. ನೈಟ್ರೈಲ್ ಹೆಕ್ಸೇನ್ ತಡೆಯುತ್ತದೆ, ಅಸಿಟೋನ್ ಮಾತ್ರ ಬೇಗ ಒಳಗಿಳಿಯುತ್ತದೆ, ಜೊತೆಗೆ ಎಣ್ಣೆಯನ್ನೂ ಒಯ್ಯುತ್ತದೆ ಎಂಬ ಅನುಮಾನ ನನಗೆ. ಬ್ಯುಟೈಲ್ ರಬ್ಬರ್ ಅಸಿಟೋನ್‌ಗೆ ಗಟ್ಟಿ, ಹೆಕ್ಸೇನ್‌ಗೆ ಸೋಲುತ್ತದೆ. ಮಕ್ಕಳ ಕೈ ಸುಡುವುದನ್ನು ನೋಡಿಕೊಂಡು ಪ್ರಯೋಗ ಮುಂದುವರಿಸಲು ನನಗೆ ಮನಸ್ಸಿಲ್ಲ.

ಒಳಗೆ ಬಹುಪದರದ ಪ್ಲಾಸ್ಟಿಕ್ ಹಾಳೆಯ (ಲ್ಯಾಮಿನೇಟ್) ಕೈಗವಸು, ಮೇಲೆ ನೈಟ್ರೈಲ್ ಹಾಕಿದರೆ ಎರಡೂ ದ್ರಾವಕಗಳಿಗೆ ಸಾಕಾಗುತ್ತದೆಯೇ, ಅಥವಾ ಹಂತಕ್ಕೊಂದು ಕೈಗವಸು ಬದಲಿಸುವುದೇ ಸರಿಯೇ? ಗೇರೆಣ್ಣೆಯೊಂದಿಗೆ ಸ್ವತಃ ಕೆಲಸ ಮಾಡಿದವರು ನೀವು ಬಳಸಿದ್ದನ್ನು ತಿಳಿಸಿ.