ಕಾಯಂ ನೈಟ್ ಕೇಳೋದಾ, ರೊಟೇಶನ್‌ನಲ್ಲೇ ಇರೋದಾ?

ಪ್ರಶ್ನೆ: ಆಂಬುಲೆನ್ಸ್ ಡ್ಯೂಟಿ, 12 ಗಂಟೆ ಪಾಳಿ. ನಾಲ್ಕು ನೈಟ್, ಎರಡು ದಿನ ರಜೆ, ಆಮೇಲೆ ಡೇ. ಕಾಯಂ ನೈಟ್ ಹಾಕಿಸ್ಕೊಂಡ್ರೆ ಮೈ ಒಗ್ಗುತ್ತಾ? ತಿಳಿದವರು ಹೇಳಿ.

ನಿಶಾಚರ: ಹಾಕಿಸ್ಕೊಳ್ಳಿ. ಎಲ್ರೂ ಕೆಡಿಸ್ಕೊಳ್ಳೋದು ರಜೆ ದಿನ. ರಾತ್ರಿ ಹತ್ತಕ್ಕೇ ಮಲಗಿಬಿಟ್ರೆ ನಾಲ್ಕು ದಿನ ಪಟ್ಟ ಪಾಡೆಲ್ಲ ನೀರುಪಾಲು. ರಜೆಯಲ್ಲೂ ಬೆಳಗಿನ ಜಾವ 3ಕ್ಕೆ ಮಲಗಿ, ಮಧ್ಯಾಹ್ನ 12ರ ಹೊತ್ತಿಗೆ ಏಳಿ. ಕಿಟಕಿಗೆ ಬೆಳಕು ತೂರದ ಪರದೆ. ಡ್ಯೂಟಿ ಮುಗಿಸಿ ಹೊರಡುವಾಗ ಕಪ್ಪು ಕನ್ನಡಕ.

ಟ್ರಯಾಜ್ ಸಿಸ್ಟರ್: ನಿದ್ದೆಗಣ್ಣಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ಗಾಡಿ ಓಡಿಸಿ ಅಂತೀರಲ್ಲ ಸರ್, ಮನೆ ಸೇರೋದು ಬೇಡ್ವಾ? ಸತತ 17 ಗಂಟೆ ಎಚ್ಚರ ಇದ್ದವರ ಕೈಚಳಕ, ರಕ್ತದಲ್ಲಿ 0.05% ಆಲ್ಕೋಹಾಲ್ ಇರೋರ ಮಟ್ಟಕ್ಕೆ ಇಳಿಯುತ್ತೆ. ಕಾಯಂ ನೈಟ್‌ನವರಲ್ಲೂ ಹೆಚ್ಚಿನವರ ಮೈಗಡಿಯಾರ ಪೂರ್ತಿ ತಿರುಗಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಈ ಕ್ರಮದಲ್ಲೇ ಮುಂದಕ್ಕೆ ತಿರುಗೋ ರೋಸ್ಟರ್ ಕೇಳಿ. ಪಾಳಿ ಪಾಳಿ ನಡುವೆ 11 ಗಂಟೆ ಬಿಡುವಿಲ್ಲದಿದ್ರೆ ಸಹಿ ಹಾಕಬೇಡಿ. ರಾತ್ರಿ ಪಾಳಿ ಬಹುಶಃ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2007ರಲ್ಲೇ ವರ್ಗೀಕರಿಸಿದೆ, 2019ರಲ್ಲಿ ಮತ್ತೆ ನೋಡಿ ಅದನ್ನೇ ಉಳಿಸ್ಕೊಂಡಿದೆ.

ನಿಶಾಚರ: ಓಡಿಸಿ ಅಂತ ಎಲ್ಲಿ ಬರೆದಿದೀನಿ ಮೇಡಂ? ಪಕ್ಕದ ಸೀಟಲ್ಲಿ ಕೂರೋರಿಗೆ ಹೇಳಿದ್ದು. ‘ಸಹಿ ಹಾಕಬೇಡಿ’ಯಂತೆ! ರೋಸ್ಟರ್ ನಮ್ಮನ್ನ ಕೇಳಿ ಬರೀತಾರಾ?

ಸ್ಟ್ರೆಚರ್: ಇಬ್ರೂ ಕಾಫಿ ವಿಷಯ ಎತ್ತಲೇ ಇಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗೋಕೇ ಸುಮಾರು 5 ಗಂಟೆ ಬೇಕು. 7ಕ್ಕೆ ಡ್ಯೂಟಿ ಬಿಡೋರು 1ರ ಮೇಲೆ ಮುಟ್ಟಬಾರದು. ಅದರ ಬದಲು 3 ಗಂಟೆಗೆ ಗಾಡಿಯಲ್ಲೇ ಒಂದು ಗಂಟೆ ಒರಗಿ.

ಟ್ರಯಾಜ್ ಸಿಸ್ಟರ್: ಒಂದು ಗಂಟೆ?! ಗಾಢ ನಿದ್ದೆಯ ಮಧ್ಯೆ ಕಾಲ್ ಬಂದ್ರೆ ತಲೆ ತಿಳಿಯಾಗೋಕೇ ಅರ್ಧ ಗಂಟೆ ಹಿಡಿಯುತ್ತೆ. ಆ ಮಂಪರಲ್ಲೇ ಅಡ್ರಿನಲಿನ್ ಆಂಪ್ಯೂಲ್ (ಇಂಜೆಕ್ಷನ್ ಮದ್ದಿನ ಪುಟ್ಟ ಗಾಜಿನ ಸೀಸೆ) ಅದಲುಬದಲಾಗೋದು. ಅಲರ್ಜಿ ಆಘಾತಕ್ಕೆ ಸ್ನಾಯುವಿಗೆ ಕೊಡೋದು 1:1000, ಹೃದಯ ನಿಂತಾಗ ರಕ್ತನಾಳಕ್ಕೆ 1:10,000. ಮೊದಲನೇದು ಹತ್ತು ಪಟ್ಟು ಹೆಚ್ಚು ಸಾಂದ್ರ. 20 ನಿಮಿಷಕ್ಕೆ ಅಲಾರಂ ಇಡಿ, ಜೊತೆಗಾರ ಎಚ್ಚರ ಇರಲಿ, ಲೇಬಲ್ ಇಬ್ರೂ ಗಟ್ಟಿಯಾಗಿ ಓದಿ.

ಸ್ಟ್ರೆಚರ್: ಲೇಬಲ್ ಎಚ್ಚರ ಇದ್ದಾಗಲೂ ಓದಬೇಕು. ಅದನ್ನ ನಿದ್ದೆ ತಲೆಗೆ ಯಾಕೆ ಕಟ್ತೀರಿ?

ನಿಶಾಚರ: ರಾತ್ರಿ ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಡುರಾತ್ರಿ ಮೇಲೆ ಅದೇ ಊಟಕ್ಕೆ ಸಕ್ಕರೆ ಜಾಸ್ತಿ ಏರುತ್ತೆ. ಹೊಟ್ಟೆ ತುಂಬ ಉಣ್ಣೋದು ಪಾಳಿಗೆ ಮುಂಚೆಯೇ ಮುಗೀಬೇಕು.

ಪ್ರಶ್ನೆ ಕೇಳಿದವರು: ಅರ್ಜಿ ಕೊಡೋಕೆ ನಾಳೆ ಕೊನೇ ದಿನ. ಕಾಯಂ ಅಂತ ಬರೀಲಾ, ಬೇಡ್ವಾ?

ಟ್ರಯಾಜ್ ಸಿಸ್ಟರ್: ಬೇಡ.

ನಿಶಾಚರ: ಬರೀರಿ.